ಉಗ್ರಪ್ಪ ಕಲೆಸಿದ ಬಿಳಿ

ಹೆಗ್ಗನಹಳ್ಳಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಪೇಂಟ್ ಅಂಗಡಿ ಇಟ್ಟುಕೊಂಡಿರುವ ನನಗೆ ನೆಂಟರಿಗಿಂತ ಪೇಂಟರ್‌ಗಳೇ ಚೆನ್ನಾಗಿ ಗೊತ್ತು. ಎಂಟು ಗಂಟೆಗೆ ಬರುತ್ತೇನೆ ಎಂದವನು ಹನ್ನೊಂದಕ್ಕೆ ಬರುತ್ತಾನೆ. ಎರಡು ದಿನದ ಕೆಲಸ ಎಂದು ಒಪ್ಪಿಕೊಂಡವನು ಎಂಟನೇ ದಿನವೂ ಅದೇ ಬಾಗಿಲಿಗೆ ಮರಳು ಕಾಗದ ಉಜ್ಜುತ್ತಿರುತ್ತಾನೆ. ಇವರೆಲ್ಲರ ನಡುವೆ ಉಗ್ರಪ್ಪನೊಬ್ಬ ಹೇಳಿದ ಹೊತ್ತಿಗೆ ಹಾಜರಾಗುತ್ತಿದ್ದ. ಅದು ಶಿಸ್ತು ಎಂದು ನಾನು ಬಹಳ ದಿನ ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ಅದು ಭಯ. ತಡವಾದರೆ ಯಾರಾದರೂ ಬೈದಾರು ಎಂಬ ಭಯ.

ಅವನಿಗೆ ಆ ಹೆಸರು ಇಟ್ಟವರು ಯಾರೋ, ಸಿಕ್ಕಿದರೆ ಒಂದು ಮಾತು ಕೇಳಬೇಕು. ಉಗ್ರಪ್ಪನಿಗೆ ನಾಯಿ ಕಂಡರೆ ಭಯ, ಪೊಲೀಸರನ್ನು ಕಂಡರೆ ಭಯ, ಬ್ಯಾಂಕಿನ ಕೌಂಟರಿನಲ್ಲಿ ಕೂತ ಹುಡುಗಿಯನ್ನು ಕಂಡರೂ ಭಯ. ಸೂಜಿಯ ಮಾತು ಬಂದರಂತೂ ಮುಗಿಯಿತು. ಕೊರೊನಾ ಲಸಿಕೆಗೆ ನಮ್ಮ ಬೀದಿಯವರೆಲ್ಲ ಸಾಲು ನಿಂತಾಗ, ಮುಂದೆ ಇನ್ನು ಇಬ್ಬರೇ ಇರುವಾಗ ಇವನು ಮಾಯವಾಗಿದ್ದ. ಹುಡುಕಿದರೆ ಗಣಪತಿ ಗುಡಿಯ ಹಿಂದೆ ಕೂತಿದ್ದ. ಇಂಥವನು ಮೂರನೇ ಮಹಡಿಯ ಹೊರಗೋಡೆಗೆ ಹಗ್ಗ ಬಿಟ್ಟುಕೊಂಡು ಇಳಿದು, ಒಂದು ಕೈಯಲ್ಲಿ ಬ್ರಷ್ಷು ಹಿಡಿದು ಹಾಡು ಗುನುಗುತ್ತಿದ್ದ! ಹೆದರಿಕೆ ಆಗಲ್ವೇನೋ ಎಂದು ನಾನು ಕೆಳಗಿನಿಂದ ಕೂಗಿದರೆ, "ಇಲ್ಲಿ ಯಾರೂ ಬರಲ್ಲ ಅಕ್ಕ" ಎನ್ನುತ್ತಿದ್ದ.

ಅವನು ಹುಟ್ಟಿ ಬೆಳೆದದ್ದು ಬಿನ್ನಿಪೇಟೆಯಲ್ಲಿ. ಅಪ್ಪ ಸುಣ್ಣ ಬಳಿಯುವವನು. ಮಿಲ್ಲಿನ ಕಡೆಯ ಸಾಲುಮನೆಗಳಿಗೆ ಹಬ್ಬಕ್ಕೆ ಮುಂಚೆ ಅಪ್ಪ ಮಗ ಸುಣ್ಣ ಹೊಡೆಯುತ್ತಿದ್ದರಂತೆ. ಸುಣ್ಣವನ್ನು ಹಿಂದಿನ ದಿನವೇ ನೀರಿಗೆ ಹಾಕಿ, ಅದು ಕುದ್ದು ತಣ್ಣಗಾದ ಮೇಲೆ ಬಟ್ಟೆಯಲ್ಲಿ ಸೋಸಿ, ಕೊನೆಗೆ ಒಂದು ಚಿಟಿಕೆ ನೀಲಿ ಹಾಕುವುದು. ಬರಿಯ ಸುಣ್ಣ ಒಣಗಿದರೆ ಹಳದಿ ಹೊಡೆಯುತ್ತದೆ, ಆ ಹಳದಿಯನ್ನು ನೀಲಿ ಕೊಲ್ಲುತ್ತದೆ. ಎಷ್ಟು ನೀಲಿ ಎಂಬುದಕ್ಕೆ ಅಳತೆ ಇಲ್ಲ. ಕಣ್ಣಿಗೆ ಬಿಳಿ ಕಂಡಾಗ ನಿಲ್ಲಿಸಬೇಕು. ಅಪ್ಪ ಕಲಿಸಿದ ವಿದ್ಯೆ ಅಷ್ಟೇ. ಉಗ್ರಪ್ಪ ಅದರ ಮೇಲೇ ಬದುಕು ಕಟ್ಟಿಕೊಂಡ.

ಸುಣ್ಣ ಹೋಗಿ ಡಿಸ್ಟೆಂಪರ್ ಬಂತು, ಡಿಸ್ಟೆಂಪರ್ ಹೋಗಿ ಎಮಲ್ಷನ್ ಬಂತು. ಅವನ ಕಣ್ಣು ಮಾತ್ರ ಅದೇ. ವಿಜಯನಗರದ ಒಬ್ಬ ಮೇಷ್ಟ್ರು ಹೆಂಡತಿಯ ಹಳೆಯ ರವಿಕೆ ತಂದು, ಈ ಬಣ್ಣವೇ ಬೇಕು ಎಂದು ಹಟ ಹಿಡಿದಿದ್ದರು. ಬದನೆಕಾಯಿಯೂ ಅಲ್ಲದ ನೇರಳೆಯೂ ಅಲ್ಲದ ಒಂದು ಬಣ್ಣ. ನಾನು ಕ್ಯಾಟಲಾಗು ತಿರುವಿ ತಿರುವಿ ಸೋತೆ. ಉಗ್ರಪ್ಪ ರವಿಕೆಯನ್ನು ಬಿಸಿಲಿಗೆ ಒಮ್ಮೆ ನೆರಳಿಗೆ ಒಮ್ಮೆ ಹಿಡಿದು ನೋಡಿ, ಬೆರೆಸುವ ಗಾಢ ಬಣ್ಣದ ನಾಲ್ಕು ಟ್ಯೂಬು ಕೇಳಿ ಪಡೆದು, ಅರ್ಧ ಗಂಟೆಯಲ್ಲಿ ಕಲೆಸಿಟ್ಟ. ಹಲಗೆಗೆ ಹಚ್ಚಿ ಒಣಗಿಸಿ ರವಿಕೆಯನ್ನು ಅದರ ಮೇಲಿಟ್ಟರೆ ರವಿಕೆ ಕಾಣಲಿಲ್ಲ. ಆ ಮೇಷ್ಟ್ರು ಅವನ ಕೈ ಕುಲುಕಿದ್ದನ್ನು ಅವನು ಹತ್ತು ವರ್ಷ ಹೇಳಿಕೊಂಡು ತಿರುಗಿದ. ಬೇರೆ ಯಾವುದರಲ್ಲೂ ಧೈರ್ಯವಿಲ್ಲದವನಿಗೆ ಬಣ್ಣ ಕಲೆಸುವಾಗ ಮಾತ್ರ ಎಲ್ಲಿಂದಲೋ ಧೈರ್ಯ ಬರುತ್ತಿತ್ತು. ಅಂಗಡಿಗೆ ನಾನು ಬಣ್ಣ ಬೆರೆಸುವ ಮಿಶಿನ್ ತರಿಸಿದಾಗ ಅವನು ಅದರ ಕಡೆ ಸವತಿಯನ್ನು ನೋಡುವ ಹಾಗೆ ನೋಡಿದ.

ಮೂರು ವರ್ಷದ ಹಿಂದೆ, ಅವನಿಗೆ ಐವತ್ತನಾಲ್ಕು ಆಗುವ ಹೊತ್ತಿಗೆ, ನನಗೆ ಒಂದು ಸಂಗತಿ ಗಮನಕ್ಕೆ ಬಂತು. ಅವನು ನೀಲಿ ಟ್ಯೂಬು ಕೊಳ್ಳುವುದು ಹೆಚ್ಚಾಯಿತು. ಮೊದಲು ತಿಂಗಳಿಗೆ ಒಂದು ಒಯ್ಯುತ್ತಿದ್ದವನು ವಾರಕ್ಕೆ ಎರಡು ಒಯ್ಯತೊಡಗಿದ. ಒಂದು ದಿನ ಅಂಗಡಿಯಲ್ಲಿ ನಿಂತು ಮೇಲೆ ನೋಡಿ, "ಅಕ್ಕ, ಬಲ್ಬು ಹಳದಿ ಆಗ್ಬಿಟ್ಟಿದೆ, ಬದಲಾಯಿಸಿ" ಎಂದ. ಬದಲಾಯಿಸಿದೆ. ಮುಂದಿನ ವಾರ ಬಂದು ಮತ್ತೆ ಅದೇ ಮಾತು. ಹೋಗುವಾಗ ಮೆಟ್ಟಿಲು ತಪ್ಪಿ, ಬೀಳುವಷ್ಟರಲ್ಲಿ ಷಟರ್ ಹಿಡಿದುಕೊಂಡ.

"ಏನೋ, ಕಣ್ಣು ಕಾಣ್ಸಲ್ವಾ?" ಎಂದು ರೇಗಿದೆ. ಅವನ ಮುಖ ಬಿಳಿಚಿಕೊಂಡಿತು. ಬಾಯಿತಪ್ಪಿ ಆಡಿದ ಮಾತು ಗುರಿಗೇ ತಾಗಿದೆ ಎಂದು ನನಗೆ ಆಗಲೇ ತಿಳಿಯಿತು.

ಸಂಜೆ ಅವನ ಹೆಂಡತಿ ರಾಮಕ್ಕ ಬಂದಳು. ರಾಮಕ್ಕ ಅವನ ಜೊತೆಗೇ ಕೆಲಸಕ್ಕೆ ಹೋಗುವವಳು. ಗೋಡೆಯ ಬಿರುಕಿಗೆ ಪುಟ್ಟಿ ಹಚ್ಚುವುದು, ಉಜ್ಜುವುದು, ನೆಲಕ್ಕೆ ಪೇಪರ್ ಹಾಸುವುದು ಎಲ್ಲ ಅವಳೇ. ಬಣ್ಣದ ಡಬ್ಬಕ್ಕೆ ಮಾತ್ರ ಕೈ ಹಾಕುತ್ತಿರಲಿಲ್ಲ. ಗಿರಾಕಿಗಳು ಹೋಗುವವರೆಗೂ ಕಾದು ನಿಂತು ನನ್ನ ಕೈ ಹಿಡಿದುಕೊಂಡಳು.

"ಅಕ್ಕ, ಇನ್ನೊಂದ್ಸಲ ಕಣ್ಣಿನ್ ವಿಷ್ಯ ಎತ್ಬೇಡಿ. ನಿಮ್ ಕಾಲಿಗ್ ಬೀಳ್ತೀನಿ. ಮಧ್ಯಾಹ್ನದಿಂದ ಊಟ ಬಿಟ್ಟವ್ರೆ."

"ಪೊರೆ ಬಂದಿರುತ್ತೆ ಕಣೇ. ತೆಗೆಸಿದ್ರೆ ಹೋಗುತ್ತೆ. ಇವತ್ತು ಮಾಡಿ ಇವತ್ತೇ ಮನೆಗೆ ಕಳಿಸ್ತಾರೆ."

"ಅವ್ರ ಅವ್ವಂಗೂ ಹಂಗೇ ಅಂದಿದ್ರು."

ಉಗ್ರಪ್ಪನ ತಾಯಿಗೆ ಎಷ್ಟೋ ವರ್ಷದ ಹಿಂದೆ ಒಂದು ಶಾಲೆಯಲ್ಲಿ ನಡೆದ ಕಣ್ಣಿನ ಶಿಬಿರದಲ್ಲಿ ಆಪರೇಷನ್ ಆಗಿತ್ತು. ಕೈಹಿಡಿದು ಕರೆದುಕೊಂಡು ಹೋದವನು ಇವನೇ. ಕಣ್ಣಿಗೆ ಕೀವು ತುಂಬಿತು. ಹದಿನೈದು ದಿನದಲ್ಲಿ ಇದ್ದ ಮಂಜು ದೃಷ್ಟಿಯೂ ಹೋಯಿತು. ಆಕೆ ಆಮೇಲೆ ಹನ್ನೊಂದು ವರ್ಷ ಬದುಕಿ, ಹನ್ನೊಂದು ವರ್ಷವೂ ಮಗ ಒಳಗೆ ಬಂದ ಸದ್ದಾದಾಗೆಲ್ಲ "ಯಾರು?" ಎಂದು ಕೇಳಿದಳಂತೆ. ರಾಮಕ್ಕ ಇದನ್ನು ಹೇಳಿ ಮೂಗು ಒರೆಸಿಕೊಂಡಳು. ಈಗ ಕಾಲ ಬದಲಾಗಿದೆ ಎಂದು ನಾನು ನಾಲ್ಕು ಮಾತು ಹೇಳಿದೆ. ಹೇಳುವ ನನಗೇ ಆ "ಯಾರು?" ಕಿವಿಯಲ್ಲಿ ಕೂತುಬಿಟ್ಟಿತ್ತು. ಅವತ್ತಿನಿಂದ ನಾನೂ ಬಾಯಿ ಮುಚ್ಚಿಕೊಂಡೆ.

ಮುಚ್ಚಿಕೊಂಡರೂ ನಡೆಯುತ್ತಿತ್ತು. ನಮ್ಮ ಕಡೆಯ ಮನೆಗಳಿಗೆ ಬೇಕಾದದ್ದು ಗಿಳಿಹಸಿರು, ಕಿತ್ತಳೆ, ಗುಲಾಬಿ. ಗಿಳಿಹಸಿರಿಗೆ ಒಂದು ತೊಟ್ಟು ನೀಲಿ ಹೆಚ್ಚು ಬಿದ್ದರೆ ಯಾವ ಗಿಳಿ ಬಂದು ತಕರಾರು ಮಾಡುತ್ತದೆ? ದಟ್ಟ ಬಣ್ಣಗಳು ಅವನನ್ನು ಬಚ್ಚಿಟ್ಟುಕೊಂಡಿದ್ದವು. ಗಂಡ ಹೆಂಡತಿ ಇಬ್ಬರೂ ದಿನವನ್ನು ಹೇಗೋ ದೂಡುತ್ತಿದ್ದರು.

ಹೀಗಿರುವಾಗ ಅನಘಾ ಬಂದಳು.

ಬಸವೇಶ್ವರನಗರದ ಹುಡುಗಿ. ಗಂಡ ಗಿರಿರಾಜ್ ವಿಮಾ ಕಂಪನಿಯಲ್ಲಿ ಆಫೀಸರ್, ದಾವಣಗೆರೆ ಕಡೆಯವರು. ಮನೆಯಲ್ಲಿ ಇವರಿಬ್ಬರು ಮತ್ತು ಗಿರಿರಾಜನ ತಾಯಿ ನೀಲಮ್ಮ. ಅನಘಾ ಅಂಗಡಿಗೆ ಬಂದವಳೇ ಫೋನು ತೆಗೆದು ನನ್ನ ಮೂಗಿನ ಮುಂದೆ ಹಿಡಿದಳು. "ಆಂಟಿ, ನನಗೆ ಸ್ಕ್ಯಾಂಡಿನೇವಿಯನ್ ಬೇಕು."

ನೋಡಿದೆ. ಬಿಳಿ ಗೋಡೆ. ಇನ್ನೊಂದು ಫೋಟೋ, ಮತ್ತೊಂದು ಬಿಳಿ ಗೋಡೆ. ಹಸಿ ಮರದ ಬಣ್ಣದ, ಸಣ್ಣ ಕಾಲಿನ ಮೇಜು, ಬೂದುಬಣ್ಣದ ಸೋಫಾ, ಸೋಫಾದ ಮೇಲೆ ಬೇಕೆಂದೇ ಅಸ್ತವ್ಯಸ್ತವಾಗಿ ಎಸೆದ ಉಣ್ಣೆಯ ಹೊದಿಕೆ, ನೆಲದ ಮೇಲೆ ಕುರಿಯ ತುಪ್ಪಳ, ಕಿಟಕಿಯಲ್ಲಿ ಮೂರು ಮೇಣದಬತ್ತಿ.

"ಇದಕ್ಕೆ ಇಷ್ಟು ಖರ್ಚು ಯಾಕಮ್ಮ, ಸಾಮಾನು ಹೊರಗಿಟ್ಟು ಸುಣ್ಣ ಹೊಡೆಸಿದ್ರೆ ಇದೇ ಆಗುತ್ತಲ್ಲ" ಎಂದೆ.

ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಕುರ್ಚಿ ಎಳೆದು ಕೂತು ವಿವರಿಸಿದಳು. ಆ ದೇಶಗಳಲ್ಲಿ ಚಳಿಗಾಲ ಪೂರ್ತಿ ಸೂರ್ಯ ಕಾಣುವುದೇ ಅಪರೂಪವಂತೆ. ಸಿಕ್ಕಿದ ಬೆಳಕು ಒಂದಿಷ್ಟೂ ಪೋಲಾಗಬಾರದು ಎಂದು ಗೋಡೆಗೆ ಬಿಳಿ, ಮನೆ ಬೆಚ್ಚಗೆ ಅನ್ನಿಸಲಿ ಎಂದು ಮರ, ಉಣ್ಣೆ, ಮೇಣದಬತ್ತಿ. "ನಮ್ಮನೆ ಕೆಳಗಿನ ಮಹಡಿ ಆಂಟಿ. ಮೂರು ಕಡೆ ಪಕ್ಕದವರ ಗೋಡೆ, ಕೈ ಚಾಚಿದ್ರೆ ಮುಟ್ಟುತ್ತೆ. ಮಧ್ಯಾಹ್ನ ಹನ್ನೆರಡಕ್ಕೂ ಹಾಲಲ್ಲಿ ಲೈಟ್ ಹಾಕ್ಬೇಕು. ಅವರಿಗೆ ಆರು ತಿಂಗಳು ಸೂರ್ಯ ಇಲ್ಲ. ನಮಗೆ ವರ್ಷ ಪೂರ್ತಿ ಇಲ್ಲ." ಅದು ನಿಜವೇ. ಮೂವತ್ತು ನಲವತ್ತರ ಸೈಟಿನಲ್ಲಿ ಅಂಚಿನವರೆಗೂ ಕಟ್ಟಿದ ಮನೆಗಳ ಕಷ್ಟ ನನಗೆ ಗೊತ್ತು. ಹುಡುಗಿ ನನಗೆ ಇಷ್ಟವಾದಳು.

ಅವಳು ಎರಡು ದಿನ ಕೂತು ಒಂದು ಬಿಳಿ ಆರಿಸಿದಳು. ನನ್ನ ಕ್ಯಾಟಲಾಗಿನಲ್ಲಿ ಬಿಳಿಗಳೇ ಅರವತ್ತಿವೆ. ಇವಳಿಗೆ ಬೇಕಾದದ್ದು ಕಾಯಿಸಿದ ಹಾಲಿನ ಕೆನೆಗಿಂತ ಒಂದು ಕೂದಲೆಳೆ ತಿಳಿಯಾದ ಬೆಚ್ಚಗಿನ ಬಿಳಿ. ಒಳ್ಳೆಯ ಪೇಂಟರ್ ಕೊಡಿ ಆಂಟಿ ಎಂದಳು. ನನ್ನ ಬಾಯಿಂದ ಉಗ್ರಪ್ಪನ ಹೆಸರು ಬಂತು.

ಯಾಕೆ ಬಂತು ಎಂದು ಆಮೇಲೆ ನೂರು ಸಲ ಕೇಳಿಕೊಂಡಿದ್ದೇನೆ. ರವಿಕುಮಾರ್ ಎಂಬ ಇನ್ನೊಬ್ಬ ಪೇಂಟರ್ ಅಂಗಡಿಯ ಮುಂದೆಯೇ ಬೀಡಿ ಸೇದುತ್ತಾ ಕೂತಿದ್ದ. ಬಿಳಿ ಕೆಲಸ ಎಂದು ಗೊತ್ತಿದ್ದೂ ಉಗ್ರಪ್ಪನನ್ನು ಬಿಟ್ಟು ರವಿಕುಮಾರನನ್ನು ಕಳಿಸಿದರೆ, ನಿನ್ನ ಕಣ್ಣು ಹೋಗಿದೆ ಎಂದು ನಾನೇ ಡಂಗುರ ಸಾರಿದ ಹಾಗೆ ಆಗುತ್ತಿತ್ತು. ಅದಕ್ಕೆ ಹೆದರಿದೆ. ಮಿಶಿನ್ನೇ ಬಣ್ಣ ಬೆರೆಸಿ ಕೊಡುತ್ತದೆ, ಇವನು ಹಚ್ಚುವುದಷ್ಟೇ ತಾನೇ ಎಂದು ಸಮಾಧಾನ ಮಾಡಿಕೊಂಡೆ. ಪುಕ್ಕಲರಿಗೆ ಸಮಾಧಾನಕ್ಕೆ ಬರವೇ?

ಕೆಲಸ ಶುರುವಾದ ನಾಲ್ಕನೇ ದಿನ ರಾಮಕ್ಕನ ಅಕ್ಕನ ಮಾವ ತೀರಿಕೊಂಡು ಅವಳು ಮಾಗಡಿಗೆ ಹೋದಳು. ಪುಟ್ಟಿ ಉಜ್ಜಿ ಮುಗಿದಿತ್ತು. ಬಣ್ಣ ಹಚ್ಚುವುದಷ್ಟೇ ಬಾಕಿ. ಅವತ್ತು ಬೆಳಿಗ್ಗೆ ಅಂಗಡಿ ತೆಗೆಯುವಷ್ಟರಲ್ಲೇ ಉಗ್ರಪ್ಪ ಒಂದು ಬಕೆಟ್ ಹೊತ್ತುಕೊಂಡು ಬಂದು ನಿಂತಿದ್ದ. ಬಕೆಟ್ಟಿನ ಮುಚ್ಚಳ ತೆಗೆದು ತೋರಿಸಿದ.

"ಅಕ್ಕ, ಮಿಶಿನ್ ಸರಿ ಇದ್ಯಾ? ಇದೇನೋ ಹಳದಿ ತಿರುಗ್ದಂಗೆ ಐತೆ. ಹಳೇ ಮಾಲಾ?"

ನಾನು ಬಕೆಟ್ಟಿನೊಳಗೆ ನೋಡಿದೆ. ಅನಘಾ ಆರಿಸಿದ ಬಿಳಿ, ಅಚ್ಚುಕಟ್ಟಾಗಿ ಹಾಗೇ ಇತ್ತು.

ಆಗ ಹೇಳಬೇಕಿತ್ತು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವನು ಬಕೆಟ್ಟಿನ ಎದುರು ಕುಕ್ಕರಗಾಲಲ್ಲಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದ. ಅವನ ಕಣ್ಣಿನ ಕಪ್ಪು ಭಾಗದ ಒಳಗೆ ಬೂದಿ ಕೂತ ಹಾಗೆ ಇತ್ತು. ಅಷ್ಟು ಹತ್ತಿರದಿಂದ ನಾನು ಅದನ್ನು ನೋಡಿದ್ದು ಅದೇ ಮೊದಲು. ನನಗೆ ಹೆದರಿಕೆಯಾದಾಗ ಕೋಪ ಬರುತ್ತದೆ, ಅದು ನನ್ನ ಹುಟ್ಟುಗುಣ. "ನನ್ನ ಮಿಶಿನ್‌ಗೆ ಹೆಸರಿಡ್ತೀಯಾ? ಬಣ್ಣ ಸರಿಯಾಗೇ ಇದೆ. ಹೋಗಿ ಸುಮ್ನೆ ಹಚ್ಚು ಹೋಗು" ಎಂದು ಗದರಿದೆ. ಅವನು ಮುಚ್ಚಳ ಹಾಕಿ, ಎರಡು ಸಲ ಗುದ್ದಿ, ಹೊತ್ತುಕೊಂಡು ಹೋದ. ಹೋಗುವಾಗ ನೀಲಿ ಟ್ಯೂಬು ಕೇಳಲಿಲ್ಲ. ಅದೊಂದು ನೆಮ್ಮದಿಯಾಯಿತು. ಅವನ ಚೀಲದಲ್ಲಿ ಆಗಲೇ ಮೂರು ಇದ್ದದ್ದು ನನಗೆ ಗೊತ್ತಿರಲಿಲ್ಲ.

ಆ ದಿನ ಏನಾಯಿತು ಎಂದು ಅವನೇ ಆಮೇಲೆ ಹೇಳಿದ. ಬೆಳಕಿಲ್ಲದ ಆ ಹಾಲಿನಲ್ಲಿ ಒಂದು ಗೋಡೆಗೆ ಒಂದು ಕೋಟು ಹೊಡೆದು ನಿಂತು ನೋಡಿದರೆ, ಅವನ ಕಣ್ಣಿಗೆ ಅದು ಬೀಡಿಯ ಹೊಗೆ ಹಿಡಿದ ಹೋಟೆಲಿನ ಗೋಡೆಯ ಹಾಗೆ ಕಂಡಿತಂತೆ. ಆ ಹುಡುಗಿ ಬಂದು ನೋಡಿದರೆ ಏನೆನ್ನುತ್ತಾಳೆ? ಬಿಳಿ ಕೇಳಿದೆ, ಇದೇನು ಎನ್ನುತ್ತಾಳೆ. ಮಿಶಿನ್ ತಪ್ಪು ಎಂದರೆ ಅಂಗಡಿಯಕ್ಕ ನಂಬುವುದಿಲ್ಲ. ಬೈಗುಳ ಕೊನೆಗೆ ಬರುವುದು ತನ್ನ ತಲೆಗೇ. ಆಗ ಅವನಿಗೆ ಗೊತ್ತಿದ್ದ ಒಂದೇ ಔಷಧಿ ಮಾಡಿದ, ಅಪ್ಪ ಹೇಳಿಕೊಟ್ಟದ್ದು. ಹಳದಿ ಕಂಡರೆ ನೀಲಿ ಹಾಕು. ಒಂದು ತೊಟ್ಟು ಹಾಕಿ ಕಲೆಸಿದ. ಸಾಲಲಿಲ್ಲ. ಇನ್ನೊಂದು. ಕಣ್ಣಿಗೆ ಬಿಳಿ ಕಂಡಾಗ ನಿಲ್ಲಿಸಬೇಕು. ಅವನ ಕಣ್ಣಿಗೆ ಬಿಳಿ ಕಾಣಲು ಎರಡೂವರೆ ಟ್ಯೂಬು ಹಿಡಿಯಿತು. ಆ ಬಣ್ಣವನ್ನೇ ಎರಡು ದಿನ ಊಟಕ್ಕೂ ಏಳದೆ, ಮನೆಯವರು ಕೋಣೆಗೆ ಕಾಲಿಡುವ ಮುಂಚೆ ಮುಗಿಸಿಬಿಡಬೇಕು ಎಂದು ಹೊಡೆದ. ಅನಘಾ, ಗಿರಿರಾಜ್, ನೀಲಮ್ಮ ಆ ವಾರ ರಾಜಾಜಿನಗರದ ಚಿಕ್ಕಮ್ಮನ ಮನೆಯಲ್ಲಿದ್ದರು. ಮುಗಿಸಿ ನಿಂತು ನೋಡಿದಾಗ ಹಾಲು ಹೊಯ್ದ ಹಾಗೆ ಕಂಡಿತಂತೆ. ತನ್ನ ಜೀವಮಾನದಲ್ಲಿ ಅಷ್ಟು ಚೆಂದದ ಬಿಳಿ ಹೊಡೆದಿರಲಿಲ್ಲ ಎಂದುಕೊಂಡನಂತೆ. ಇದನ್ನು ಹೇಳುವಾಗಲೂ ಅವನ ಮುಖದಲ್ಲಿ ಸ್ವಲ್ಪ ಹೆಮ್ಮೆ ಇತ್ತು.

ಭಾನುವಾರ ಬೆಳಿಗ್ಗೆ ಅನಘಾ ಫೋನ್ ಮಾಡಿದಳು. ಅಳುತ್ತಿದ್ದಳು. "ಆಂಟಿ, ನಿಮ್ಮ ಮಿಶಿನ್ ಏನ್ ಕೊಟ್ಟಿದೆ ಬಂದು ನೋಡಿ."

ಆಟೋ ಹಿಡಿದು ಹೋದೆ. ಯಾವ ಬಣ್ಣ ಎಷ್ಟು ಬಿತ್ತು ಎಂದು ಮಿಶಿನ್ ಕೊಡುವ ಚೀಟಿಯನ್ನು ಜೊತೆಗೆ ಇಟ್ಟುಕೊಂಡೆ. ದಾರಿಯುದ್ದಕ್ಕೂ ಅಂಗಡಿಯ ಹೆಸರು ಕೆಡಬಾರದು ಎಂಬುದೇ ನನ್ನ ತಲೆಯಲ್ಲಿತ್ತು, ಸುಳ್ಳು ಯಾಕೆ ಹೇಳಲಿ.

ಬಾಗಿಲಲ್ಲಿ ಕಾಲಿಟ್ಟವಳು ಅಲ್ಲೇ ನಿಂತೆ. ನಾಲ್ಕೂ ಗೋಡೆ ನೀಲಿ. ಆಕಾಶದ ನೀಲಿಯಲ್ಲ. ಹಳೆಯ ಹೆರಿಗೆ ಆಸ್ಪತ್ರೆಯ ವರಾಂಡದಲ್ಲಿ ಇರುತ್ತದಲ್ಲ, ಚಳಿ ಹಿಡಿದ ತುಟಿಯ ಹಾಗಿನ ನೀಲಿ. ಹೊಸ ಮರದ ಮೇಜು ಅದರ ಮುಂದೆ ಹಸಿರುಗಟ್ಟಿದ ಹಾಗೆ ಕಾಣುತ್ತಿತ್ತು. ಅನಘಾ ಆನ್‌ಲೈನಿನಲ್ಲಿ ತರಿಸಿದ ಉಣ್ಣೆ ಹೊದಿಕೆ, ಮೇಣದಬತ್ತಿ ಎಲ್ಲ ಪ್ಯಾಕೆಟ್ಟು ಒಡೆಯದೆ ಮೂಲೆಯಲ್ಲಿ ಬಿದ್ದಿದ್ದವು. ಬೆಚ್ಚಗಿನ ಮನೆ ಕೇಳಿದವಳಿಗೆ ಶವಾಗಾರ ಸಿಕ್ಕಿತ್ತು.

ಉಗ್ರಪ್ಪ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ. ನೀಲಮ್ಮ ದೇವರ ಜಗಲಿಯ ಹತ್ತಿರ ಸ್ಟೂಲಿನ ಮೇಲೆ ಕೂತು ಎಲ್ಲರನ್ನೂ ನೋಡುತ್ತಿದ್ದರು. ನಾನು ಚೀಟಿ ತೆಗೆದು ಗಿರಿರಾಜನಿಗೆ ತೋರಿಸಿದೆ. ಮಿಶಿನ್ ಬೆರೆಸಿದ್ದು ಇದು, ಈ ನೀಲಿ ಇದರಲ್ಲಿ ಇಲ್ಲ ಎಂದೆ. ಮಿಶಿನ್ ಬಚಾವಾಯಿತು, ಅಂಗಡಿ ಬಚಾವಾಯಿತು. ಉಗ್ರಪ್ಪ ಒಬ್ಬನೇ ಉಳಿದ.

"ಏನ್ರೀ ಹಾಕಿದ್ರಿ ಇದಕ್ಕೆ?" ಗಿರಿರಾಜ್ ಜೋರು ಮಾಡಲಿಲ್ಲ. ಮೆಲ್ಲಗೆ ಕೇಳಿದ. ಮೆಲ್ಲಗೆ ಕೇಳಿದ್ದರಿಂದಲೇ ಉಗ್ರಪ್ಪ ಇನ್ನಷ್ಟು ಹೆದರಿದ.

"ಬಿಳೀನೇ ಸಾರ್. ಬಿಳೀನೇ ಐತಲ್ಲ."

"ಇದು ಬಿಳಿನಾ?"

"ಹೂಂ ಸಾರ್. ಒಣಗಿದ್ಮೇಲೆ ಇನ್ನೂ ಚೆನ್ನಾಗ್ ಬಂದೈತೆ."

ಅನಘಾ ಅಳು ನಿಲ್ಲಿಸಿದಳು. ಗಿರಿರಾಜ್ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಅವನು ಒಳಗೆ ಹೋಗಿ ಮೂರು ಬಟ್ಟೆ ತಂದ. ಒಂದು ಬಿಳಿ ಟವೆಲ್, ಒಂದು ತಿಳಿನೀಲಿ ಅಂಗಿ, ಒಂದು ಕೆನೆಬಣ್ಣದ ದಿಂಬಿನ ಚೀಲ. ಒಂದೊಂದನ್ನೇ ಉಗ್ರಪ್ಪನ ಮುಂದೆ ಹಿಡಿದು, "ಇದು ಯಾವ ಬಣ್ಣ? ಇದು?" ಎಂದು ಕೇಳಿದ. ಕೆಟ್ಟ ಹುಡುಗನಲ್ಲ, ಅವನಿಗೂ ಏನೋ ಅನುಮಾನ ಬಂದಿತ್ತು. ಆದರೆ ಮೂವತ್ತೈದು ವರ್ಷ ಬಣ್ಣದಲ್ಲಿ ಬದುಕಿದವನನ್ನು ಒಂದನೇ ಕ್ಲಾಸಿನ ಮಗುವಿನ ಹಾಗೆ ನಿಲ್ಲಿಸಿ ಕೇಳುವುದನ್ನು ನನ್ನಿಂದ ನೋಡಲಾಗಲಿಲ್ಲ. ಉಗ್ರಪ್ಪ ತಿಳಿನೀಲಿ ಅಂಗಿಯನ್ನು ನೋಡಿದ, ಗೋಡೆಯನ್ನು ನೋಡಿದ, ಮತ್ತೆ ಅಂಗಿಯನ್ನು ನೋಡಿದ. ಯಾವ ಉತ್ತರ ಹೇಳಿದರೆ ಬಿಡುತ್ತಾರೆ ಎಂದು ಹುಡುಕುತ್ತಿದ್ದ. ಹಣೆಯಿಂದ ಬೆವರು ಇಳಿದು ಕಣ್ಣಿಗೆ ಹೋದರೂ ಒರೆಸಿಕೊಳ್ಳಲಿಲ್ಲ.

"ಗಿರಿ, ಅವನ್ನ ಬಿಡು" ಎಂದರು ನೀಲಮ್ಮ.

ಅವರು ಎದ್ದು ಗೋಡೆಯ ಮುಂದೆ ಬಂದರು. ನೀಲಮ್ಮನ ಬಲಗಣ್ಣಿಗೆ ಒಂದು ತಿಂಗಳ ಹಿಂದೆ ಪೊರೆಯ ಆಪರೇಷನ್ ಆಗಿತ್ತು. ಎಡಗಣ್ಣು ಇನ್ನೂ ಬಾಕಿ. ಅವರು ಅಂಗೈಯಿಂದ ಎಡಗಣ್ಣು ಮುಚ್ಚಿಕೊಂಡು ಗೋಡೆ ನೋಡಿದರು. ಕೈ ಬದಲಿಸಿ ಬಲಗಣ್ಣು ಮುಚ್ಚಿಕೊಂಡು ನೋಡಿದರು. ಮತ್ತೆ ಬದಲಿಸಿದರು. ಎರಡು ಮೂರು ಸಲ ಹಾಗೇ ಮಾಡಿದರು. ಅಜ್ಜಿಗೆ ಏನಾಯಿತು ಎಂದು ನಾವೆಲ್ಲ ನೋಡುತ್ತಿದ್ದೆವು.

"ಹೊಸಾ ಕಣ್ಣಿಗೆ ಇದು ನೀಲಿ" ಎಂದರು. "ಹಳೇ ಕಣ್ಣಿಗೆ ಬಿಳಿ ನೋಡ್ರಿ. ಮಲ್ಲಿಗಿ ಹೂವಿನಂಗ ಐತಿ. ಅವಾ ಸುಳ್ಳ ಹೇಳವಲ್ಲ."

ಆಮೇಲೆ ಉಗ್ರಪ್ಪನ ಹತ್ತಿರ ಹೋಗಿ, "ಎಷ್ಟು ವರ್ಷಾತಪ್ಪ ಹಿಂಗ ಕಾಣಾಕ ಹತ್ತಿ?" ಎಂದು ಕೇಳಿದರು.

ಉಗ್ರಪ್ಪ ಗೋಡೆಗುಂಟ ಜಾರಿ ನೆಲದ ಮೇಲೆ ಕೂತ. ಮೊಣಕಾಲಿನ ನಡುವೆ ತಲೆ ಇಟ್ಟುಕೊಂಡು ಅತ್ತ. ಗಂಡಸರು ಅತ್ತರೆ ನನಗೆ ಸಹಿಸಲಾಗುವುದಿಲ್ಲ. ಏಳೋ, ಏನಾಯ್ತೀಗ ಎಂದು ಅಲ್ಲೂ ಗದರಿದೆ.

"ಕೆಲ್ಸ ಬಿಡ್ಸ್ಬೇಡಿ ಅಮ್ಮ" ಎಂದ ಅವನು ನೀಲಮ್ಮನಿಗೆ. "ಮತ್ತೆ ಹೊಡ್ಕೊಡ್ತೀನಿ. ಆದ್ರೆ ಆಪ್ರೇಷನ್ ಅನ್ಬೇಡಿ. ನಮ್ಮವ್ವ..." ಉಳಿದದ್ದನ್ನು ನಾನು ಹೇಳಿದೆ.

ನೀಲಮ್ಮ ಪೂರ್ತಿ ಕೇಳಿಸಿಕೊಂಡರು. ಹೆದರಬೇಡ ಎನ್ನುತ್ತಾರೆ ಎಂದುಕೊಂಡೆ. ಎನ್ನಲಿಲ್ಲ. "ನಾನೂ ಹೆದರಿದ್ದೆ. ಟೇಬಲ್ ಮ್ಯಾಲೆ ಮಲಗಿ ನಮ್ಮ ಮನೆಯವರ ಹೆಸರು ಹಿಡಿದು ಕೂಗೀನಿ. ಅವರು ಸತ್ತು ಆರು ವರ್ಷಾತು. ಹೆದರಿಕಿ ಹೋದಮ್ಯಾಲೆ ಮಾಡಿಸ್ಕೋತೀನಿ ಅಂದ್ರ ಹೆಣ ಆದಮ್ಯಾಲೇ ಆಗ್ತದ. ಹೆದರಿಕೊಂತನ ಬಾ. ಹದಿನೆಂಟನೇ ತಾರೀಕಿಗೆ ನನ್ನ ಇನ್ನೊಂದು ಕಣ್ಣು. ಜೋಡೀಲೆ ಹೋಗೂಣು."

ಅವನು ಆಗ ಹೂಂ ಎನ್ನಲಿಲ್ಲ. ಅವನನ್ನು ಒಪ್ಪಿಸಿದ್ದು ಮುಂದಿನ ಎರಡು ವಾರ. ಆ ಗೋಡೆಗಳನ್ನು ರವಿಕುಮಾರ್ ಬಂದು ಉಜ್ಜಿ, ಮೊದಲಿನ ಬಿಳಿಯನ್ನೇ ಹೊಡೆದ. ಅನಘಾ ಆದರೂ ಏನು ಮಾಡಿಯಾಳು, ಕಾಯಲು ಆಗುತ್ತದೆಯೇ? ಒಮ್ಮೆ ಹೋಗಿ ನೋಡಿದೆ. ಚೆನ್ನಾಗಿಯೇ ಇತ್ತು. ಕಿಟಕಿಯಿಂದ ಬರುತ್ತಿದ್ದ ಅಂಗೈಯಗಲದ ಬೆಳಕು ಇಡೀ ಕೋಣೆಗೆ ಹರಡಿತ್ತು. ಕುರಿಯ ತುಪ್ಪಳಕ್ಕೆ ನೀಲಮ್ಮ ಬಿಲ್‌ಕುಲ್ ಒಪ್ಪದೆ, ಪೆಟ್ಟಿಗೆಯಿಂದ ಕರಿ ಕಂಬಳಿ ತೆಗೆದುಕೊಟ್ಟಿದ್ದರು. ಬೂದು ಸೋಫಾದ ಮೇಲೆ ಅದು ಫೋಟೋದಲ್ಲಿದ್ದದ್ದಕ್ಕಿಂತ ಚೆಂದ ಕಾಣುತ್ತಿತ್ತು. ಆದರೆ ರವಿಕುಮಾರನ ಬಾಯಿಗೆ ಬೀಗ ಹಾಕುವವರು ಯಾರು? ಉಗ್ರಪ್ಪನಿಗೆ ಕಣ್ಣಿಲ್ಲ ಎಂಬ ಮಾತು ಸುಂಕದಕಟ್ಟೆ ದಾಟಿ ಮಾಗಡಿ ರೋಡು ಮುಟ್ಟಿತು. ಒಪ್ಪಿಕೊಂಡಿದ್ದ ಎರಡು ಮನೆಯವರು ಬೇಡ ಎಂದು ಹೇಳಿ ಕಳಿಸಿದರು. ಯಾವುದಕ್ಕೆ ಹೆದರಿ ಮೂರು ವರ್ಷ ಅಡಗಿದ್ದನೋ ಅದು ಮನೆಬಾಗಿಲಿಗೇ ಬಂತು. ಆಪರೇಷನ್ ಆದರೆ ಕಣ್ಣು ಹೋಗಬಹುದು, ಆಗದಿದ್ದರೆ ಬ್ರಷ್ಷು ಹೋದದ್ದೇ. ಮಾಗಡಿಯಿಂದ ವಾಪಸು ಬಂದಿದ್ದ ರಾಮಕ್ಕ ಅವನ ಎದುರು ಕೂತು ಇದನ್ನೇ ದಿನಾ ಹೇಳಿದಳು. ಅವಳೂ ಹೆದರುತ್ತಲೇ ಹೇಳಿದಳು.

ಹದಿನೆಂಟರಂದು ಆಸ್ಪತ್ರೆಗೆ ನಾನೂ ಹೋದೆ. ಹಸಿರು ಟೋಪಿ ಹಾಕಿಸಿ ಸಾಲಿನಲ್ಲಿ ಕೂರಿಸಿದ್ದರು. ಮೊದಲು ನೀಲಮ್ಮನನ್ನು ಒಳಗೆ ಕರೆದರು. ಅವರು ಹೋದದ್ದೇ ತಡ, ಉಗ್ರಪ್ಪ ಎದ್ದು ಟೋಪಿಯ ಸಮೇತ ಗೇಟು ದಾಟಿದ. ಎಳನೀರು ಗಾಡಿಯ ಹತ್ತಿರ ನಾನು ಅವನ ಅಂಗಿ ಹಿಡಿದೆ. ಅರವತ್ತು ದಾಟಿದ ಹೆಂಗಸು ನಾನು, ಓಡಿ ಉಸಿರು ಕಟ್ಟಿ ಮಾತೇ ಹೊರಡಲಿಲ್ಲ. ಅವನು ಓಡಿಹೋಗಬಹುದಿತ್ತು. ನನ್ನ ಉಬ್ಬಸ ನೋಡಿ ನಿಂತ. "ಅಕ್ಕ, ನಾಳೆ ಪಟ್ಟಿ ಬಿಚ್ಚಿದಾಗ ಕತ್ತಲೆ ಇದ್ರೆ?" ಎಂದ. ಕೈ ಹಿಡಿದುಕೊಂಡು ವಾಪಸು ಕರೆತಂದೆ. ಒಳಗೆ ಹೋಗುವವರೆಗೂ ಆ ಕೈ ಬಿಡಲಿಲ್ಲ.

ಮರುದಿನ ಪಟ್ಟಿ ಬಿಚ್ಚಿದರು. ಅವನು ಎಷ್ಟೋ ಹೊತ್ತು ಕಣ್ಣು ತೆರೆಯಲಿಲ್ಲ. ತೆರೆದವನೇ ಕಿರುಚಿದ. "ಎಲ್ಲಾ ನೀಲಿ! ಡಾಕ್ಟ್ರೇ, ಎಲ್ಲಾ ನೀಲಿ ಕಾಣ್ತೈತೆ!" ರಾಮಕ್ಕ ಗೋಡೆ ಹಿಡಿದು ಕೂತಳು. ಡಾಕ್ಟರಮ್ಮ ನಕ್ಕರು. ವರ್ಷಗಟ್ಟಲೆ ಹಳದಿ ಗಾಜಿನೊಳಗಿಂದ ನೋಡಿದ ಕಣ್ಣಿಗೆ ಗಾಜು ತೆಗೆದಾಗ ಕೆಲವು ದಿನ ಲೋಕ ನೀಲಿಯಾಗಿ ಕಾಣುತ್ತದೆ, ಆಮೇಲೆ ಸರಿಹೋಗುತ್ತದೆ ಎಂದರು. ಸರಿಯೂ ಹೋಯಿತು. ನಾಲ್ಕನೇ ದಿನ ಅವನು ರಾಮಕ್ಕನ ತಲೆಯಲ್ಲಿ ಬಿಳಿ ಕೂದಲು ಎಣಿಸುತ್ತಿದ್ದನಂತೆ.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುವ ಅಗತ್ಯ ನನಗೆ ಇರಲಿಲ್ಲ.

ಎರಡು ವಾರದ ಮೇಲೆ ಗಂಡ ಹೆಂಡತಿ ಅಂಗಡಿಗೆ ಬಂದರು. ಕಪ್ಪು ಕನ್ನಡಕ ಹಾಕಿದ್ದ. ರಾಮಕ್ಕ ಬಾಳೆಹಣ್ಣು, ಹೂವು ತಂದಿದ್ದಳು. ನಾನು ಕೂತುಕೊಳ್ಳಿ ಎಂದೆ. ಉಗ್ರಪ್ಪ ಕನ್ನಡಕ ತೆಗೆದ. ಆಪರೇಷನ್ ಆದ ಕಣ್ಣು ಬೂದಿ ಹೋಗಿ ಕಪ್ಪಗೆ ಹೊಳೆಯುತ್ತಿತ್ತು. ಆ ಕಣ್ಣು ನನ್ನನ್ನು ದಾಟಿ ನನ್ನ ಹಿಂದಿನ ಗೋಡೆಗೆ ಹೋಯಿತು. ಅಲ್ಲೇ ನಿಂತಿತು.

ನಾನು ಈವರೆಗೆ ಹೇಳದೆ ಬಿಟ್ಟ ಸಂಗತಿ ಒಂದಿದೆ. ಆ ಗೋಡೆಗೆ ಎರಡು ವರ್ಷದ ಹಿಂದೆ ಆಯುಧಪೂಜೆಗೆ ಬಣ್ಣ ಹೊಡೆದವನು ಅವನೇ. ನಾನು ಹೇಳಿದ್ದು ಬಿಳಿ. ಅವನು ಹೊಡೆದದ್ದು ಅನಘಾಳ ಮನೆಯಲ್ಲಿ ಹೊಡೆದ ಅದೇ ನೀಲಿ. ಎರಡು ವರ್ಷ ನಾನು ಆ ಗೋಡೆಗೆ ಬೆನ್ನು ಹಾಕಿ ಕೂತು ವ್ಯಾಪಾರ ಮಾಡಿದ್ದೇನೆ. ಗಿರಾಕಿಗಳು ಕೇಳಿದರೆ ನನಗೆ ನೀಲಿ ಇಷ್ಟ ಎಂದಿದ್ದೇನೆ.

ಅವನು ಗೋಡೆ ನೋಡುತ್ತಿದ್ದ. ಜೀವನದಲ್ಲಿ ಯಾರಿಗೂ ಹೆದರಿದವಳಲ್ಲ ಎಂದು ಕೊಚ್ಚಿಕೊಳ್ಳುವ ನನಗೆ ಆಗ ಬೆವರು ಬಂತು.

"ಇದು ನಾನ್ ಹೊಡ್ದಿದ್ದಲ್ವಾ ಅಕ್ಕ?"

"ಹೂಂ."

"ನಿಮ್ಗೆ ಗೊತ್ತಿತ್ತು."

"ಗೊತ್ತಿತ್ತು ಕಣೋ. ಹೇಳೋಕೆ ಭಯ ಆಯ್ತು."

ಅವನು ಹೆಂಡತಿಯ ಕಡೆ ತಿರುಗಿದ. ರಾಮಕ್ಕ ಹೂವಿನ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಬೈಯಲಿ ಎಂದು ನಾನು ಕಾದೆ. ಇಷ್ಟು ವರ್ಷದಲ್ಲಿ ಒಮ್ಮೆಯಾದರೂ ಅವನು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವನು ಕೌಂಟರಿನ ಹತ್ತಿರ ಬಂದು, ಅಲ್ಲಿದ್ದ ಪೆನ್ಸಿಲು ತೆಗೆದುಕೊಂಡು, ಕ್ಯಾಲೆಂಡರಿನ ಹಳೆಯ ಹಾಳೆಯೊಂದನ್ನು ತಿರುವಿ ಹಾಕಿದ.

"ಇನ್ನೂ ಯಾರ್ಯಾರ ಮನೇಲಿ ಹಿಂಗೈತೆ? ಹೇಳಿ, ಬರ್ಕೊತೀನಿ."

"ಯಾಕೋ ಅದೆಲ್ಲ ಈಗ?"

"ನಾನೇ ಹೋಗಿ ಹೇಳ್ಬೇಕು. ಸರಿ ಮಾಡ್ಕೊಡ್ಬೇಕು."

ನಾನು ಹೇಳತೊಡಗಿದೆ. ಶಿವಯೋಗಿಯವರ ಮನೆಯ ಪೂಜೆ ಕೋಣೆ. ಬಾಪೂಜಿ ನಗರದ ಟೈಲರ್ ಅಂಗಡಿ. ಲಕ್ಷ್ಮೀಪತಿಯವರ ಮಗಳ ಮದುವೆಗೆ ಹೊಡೆದ ಮೇಲಿನ ಮನೆ. ಎಲ್ಲವೂ ನನ್ನ ನಾಲಿಗೆಯ ತುದಿಯಲ್ಲೇ ಇದ್ದವು, ಒಂದನ್ನೂ ನೆನಪಿಸಿಕೊಳ್ಳಬೇಕಾಗಲಿಲ್ಲ. ಅದು ಅವನಿಗೂ ಗೊತ್ತಾಯಿತು. ಏಳನೆಯ ಮನೆಗೆ ಬಂದಾಗ ರಾಮಕ್ಕ, ಸಾಕು ಬಿಡಿ ಅಕ್ಕ ಎಂದು ಅಳತೊಡಗಿದಳು. ನಾನು ನಿಲ್ಲಿಸಿದೆ. ಉಗ್ರಪ್ಪ ಹಾಳೆಯಿಂದ ತಲೆ ಎತ್ತಲಿಲ್ಲ.

"ಹೇಳಿ ಅಕ್ಕ" ಎಂದ.